ಗಣಕಯಂತ್ರದ ಕುಂಚವೂ ವಿಜ್ಞಾನದ ವಿದ್ಯಾರ್ಥಿಯೂ

ನಮ್ಮ ಹೈಸ್ಕೂಲುಗಳಲ್ಲಿ ಚಿತ್ರಕಲೆಗೆಂದು ವಾರಕ್ಕೆ ಒಂದೆರಡು ಗಂಟೆಗಳನ್ನು ಮೀಸಲಿಟ್ಟಿರುವುದುಂಟು. ಪರೀಕ್ಷೆ ಸಮೀಪಿಸಿದಂತೆಲ್ಲ ಆ ಗಂಟೆಗಳನ್ನು ಗಣಿತದ ಉಪಾಧ್ಯಾಯರೋ ವಿಜ್ಞಾನದ ಉಪಾಧ್ಯಾಯರೋ ಎರವಲು ಪಡೆಯುತ್ತಾರೆ. ಎರವಲು ಹೋದ ಗಂಟೆ ಮರಳಿ ಬರುವುದು ಅಪರೂಪ. ವಿದ್ಯಾರ್ಥಿಯು ಕಾಲೇಜನ್ನು ಸೇರಿ ವಿಜ್ಞಾನದ ವಿಷಯಗಳನ್ನು ಆರಿಸಿಕೊಂಡನೆಂದರೆ ಕುಂಚಕ್ಕೂ ಅವನಿಗೂ ಇದ್ದ ನಂಟು ಅಲ್ಲಿಗೆ ಹರಿಯಿತೆಂದೇ ಲೆಕ್ಕ. ಇತ್ತ ಕಲೆಯ ಕಡೆಗೆ ಒಲವುಳ್ಳವರು, ಸದ್ಯ, ಭೌತವಿಜ್ಞಾನದ ಕಾಟ ತಪ್ಪಿತಲ್ಲಾ ಎಂದು ನಿಟ್ಟುಸಿರು ಬಿಡುತ್ತಾರೆ. ಹೀಗೆ ಒಂದೇ ಕಣ್ಣು, ಒಂದೇ ಬೆಳಕು, ಒಂದೇ ಬಣ್ಣಗಳನ್ನು ಕುರಿತ ವಿದ್ಯೆಯು ಎರಡು ಕೊಠಡಿಗಳಲ್ಲಿ ಹಂಚಿಹೋಗಿ, ಒಂದು ಕೊಠಡಿಯವರಿಗೆ ಮತ್ತೊಂದು ಕೊಠಡಿಯ ಸುದ್ದಿಯೇ ಇಲ್ಲದಂತಾಗಿದೆ.

ಈ ವಿಭಜನೆಯಿಂದ ಯಾವ ಕಾಲಕ್ಕೂ ಒಳ್ಳೆಯದಾಗಿಲ್ಲ. ಈಗಂತೂ ಅದಕ್ಕೆ ಆಧಾರವೇ ಉಳಿದಿಲ್ಲ. ಇಂದು ಚಲನಚಿತ್ರ, ಜಾಹೀರಾತು, ಪಠ್ಯಪುಸ್ತಕ, ಕಟ್ಟಡದ ನಕ್ಷೆ ಮುಂತಾದುವುಗಳಲ್ಲಿ ನಾವು ಕಾಣುವ ಎಷ್ಟೋ ಚಿತ್ರಗಳು ಗಣಕಯಂತ್ರದ ತೆರೆಯ ಮೇಲೆ ಹುಟ್ಟಿದಂಥವು. ಅವನ್ನು ಹುಟ್ಟಿಸುವ ತಂತ್ರಾಂಶಗಳ ಒಳಗೆ ಕುಳಿತು ಕೆಲಸ ಮಾಡುತ್ತಿರುವುದು ನಮ್ಮ ಪಠ್ಯಪುಸ್ತಕದ ಪ್ರತಿಫಲನ, ವಕ್ರೀಭವನ, ಕೊಸೈನು ಮತ್ತು ಘನಸಮೀಕರಣಗಳೇ. ಇಂಥ ತಂತ್ರಾಂಶಗಳಲ್ಲಿ ಅತ್ಯುತ್ತಮವಾದ ಕೆಲವು ಬೆಲೆಯಿಲ್ಲದೆ ದೊರೆಯುತ್ತವೆ; ಅವುಗಳ ಒಳಮರ್ಮವೂ ಓದಲು ತೆರೆದಿದೆ. ಆದುದರಿಂದ, ವಿಜ್ಞಾನದ ವಿದ್ಯಾರ್ಥಿಗಳು ಇವುಗಳಿಂದ ಚಿತ್ರ ಬರೆಯುವುದನ್ನು ಕಲಿಯಬೇಕು. ಕಲಿಯುವಾಗ ಗುಂಡಿಗಳನ್ನು ಬಾಯಿಪಾಠ ಮಾಡದೆ, ಒಂದೊಂದು ಗುಂಡಿಯ ಹಿಂದಿರುವ ಕಾರಣವನ್ನು ಕಲಿಯಬೇಕು. ಇದೇ ಈ ಲೇಖನದಲ್ಲಿ ನಾವು ಮಂಡಿಸಬಯಸುವ ಅಭಿಪ್ರಾಯ.

ಮೊದಲು ಉಪಕರಣಗಳ ಪರಿಚಯವಾಗಲಿ. ಬಿಡಿಸಿದ ಇಲ್ಲವೆ ಕ್ಯಾಮರಾದಿಂದ ತೆಗೆದ ಚಿತ್ರವನ್ನು ತಿದ್ದಲು ಜಿಂಪ್, ಕೈಯಿಂದ ಬರೆಯುವಂತೆಯೇ ಕುಂಚದಿಂದ ಬರೆಯಲು ಕೃತಾ, ರೇಖೆಗಳಿಂದ ಲಾಂಛನ, ಭಿತ್ತಿಪತ್ರ ಮತ್ತು ನಕ್ಷೆಗಳನ್ನು ರಚಿಸಲು ಇಂಕ್‌ಸ್ಕೇಪ್, ಉದ್ದ ಅಗಲ ಎತ್ತರಗಳುಳ್ಳ ಆಕೃತಿಗಳನ್ನು ನಿರ್ಮಿಸಿ ಅವಕ್ಕೆ ಬೆಳಕು ನೆರಳು ಚಲನೆಗಳನ್ನು ಕೊಡಲು ಬ್ಲೆಂಡರ್ - ಈ ನಾಲ್ಕನ್ನು ಮುಖ್ಯವಾಗಿ ಹೆಸರಿಸಬಹುದು. ಇವುಗಳಲ್ಲಿ ಜಿಂಪ್ ಎಂಬುದನ್ನು 1995ರಲ್ಲಿ ಆರಂಭಿಸಿದವರು ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್. ಆಗ ಅವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕಲಿ ಶಾಖೆಯಲ್ಲಿ ಇನ್ನೂ ವಿದ್ಯಾರ್ಥಿಗಳು. ಇಂದಿಗೂ ಲೋಕವು ಬಳಸುತ್ತಿರುವ ಉಪಕರಣವೊಂದು ಇಬ್ಬರು ಕಾಲೇಜು ಹುಡುಗರ ಕೈಯಿಂದ ಹೊರಬಂದಿತೆಂಬ ಸಂಗತಿಯನ್ನು ನಮ್ಮ ಕಾಲೇಜು ಮಿತ್ರರು ಸ್ವಲ್ಪ ಕಾಲ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ಚೆನ್ನು.

ಬ್ಲೆಂಡರಿನ ಚರಿತ್ರೆ ಇನ್ನೂ ಸ್ವಾರಸ್ಯವಾದದ್ದು. ಹಾಲೆಂಡಿನ ಟಾನ್ ರೂಸೆಂಡಾಲ್ ಎಂಬವರು ತಮ್ಮ ಚಿತ್ರಶಾಲೆಯ ಸ್ವಂತ ಉಪಯೋಗಕ್ಕಾಗಿ 1994ರಲ್ಲಿ ಅದನ್ನು ಬರೆಯತೊಡಗಿದರು. 1998ರಲ್ಲಿ ಅದನ್ನು ಬೆಳೆಸಿ ಮಾರುವುದಕ್ಕೆಂದು ಒಂದು ವಾಣಿಜ್ಯ ಸಂಸ್ಥೆಯು ಹುಟ್ಟಿತು. ಹಣ ಹೂಡಿದವರು 2002ರಲ್ಲಿ ಕೈಬಿಟ್ಟುದರಿಂದ ಆ ಸಂಸ್ಥೆ ಮುಚ್ಚಿತು. ಸಾಮಾನ್ಯವಾಗಿ ಇಂಥ ಸಂದರ್ಭದಲ್ಲಿ ತಂತ್ರಾಂಶವೂ ಸಂಸ್ಥೆಯೊಡನೆಯೇ ಮಣ್ಣುಗೂಡುತ್ತದೆ. ಆದರೆ ರೂಸೆಂಡಾಲರು ಹೂಡಿಕೆದಾರರೊಡನೆ ಮಾತನಾಡಿ, ಒಂದು ಲಕ್ಷ ಯೂರೋ ಕೊಟ್ಟರೆ ಬ್ಲೆಂಡರನ್ನು ಸಾರ್ವಜನಿಕರಿಗೆ ಬಿಟ್ಟುಕೊಡುವಂತೆ ಒಪ್ಪಿಸಿದರು. ಅದನ್ನು ಬಳಸುತ್ತಿದ್ದ ಜನರೇ ವಂತಿಗೆ ಹಾಕಿ ಏಳು ವಾರಗಳಲ್ಲಿ ಆ ಹಣವನ್ನು ಕೂಡಿಸಿದರು. 2002ರ ಅಕ್ಟೋಬರ್ 13ರಂದು ಬ್ಲೆಂಡರ್ ಮುಕ್ತವಾಯಿತು. ಊರಿನ ಜನರೆಲ್ಲ ಸೇರಿ ಒಂದು ಕೆರೆಯನ್ನು ಕಟ್ಟಿಸಿದಂತೆ ಈ ಕಾರ್ಯ. ಅಂದು ವಂತಿಗೆ ಕೊಡದವರೂ, ಅಂದು ಹುಟ್ಟಿಯೇ ಇರದವರೂ ಇಂದು ಆ ಕೆರೆಯ ನೀರನ್ನು ಬಳಸುತ್ತಿದ್ದಾರೆ.

ಇಲ್ಲಿ ‘ಮುಕ್ತ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ಉಚಿತ’ ಎಂಬುದು ಬೆಲೆಗೆ ಸಂಬಂಧಿಸಿದ ಮಾತು; ‘ಮುಕ್ತ’ ಎಂಬುದು ಹಕ್ಕಿಗೆ ಸಂಬಂಧಿಸಿದ ಮಾತು. ಮುಕ್ತ ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸಬಹುದು, ಅದರ ಮೂಲಬರಹವನ್ನು ತೆರೆದು ಓದಬಹುದು, ತಿದ್ದಬಹುದು, ಮೂಲವನ್ನಾಗಲಿ ತಿದ್ದಿದ ಪ್ರತಿಯನ್ನಾಗಲಿ ಮತ್ತೊಬ್ಬರಿಗೆ ಕೊಡಬಹುದು. ಬಡ ವಿದ್ಯಾರ್ಥಿಗೆ ಮೊದಲು ಹಿತವೆನಿಸುವುದು ಬೆಲೆಯಿಲ್ಲವೆಂಬುದೇ, ಅದು ಸಹಜ. ದುಬಾರಿ ತಂತ್ರಾಂಶದ ಕದ್ದ ಪ್ರತಿಯನ್ನು ಯಾರಿಂದಲೋ ತಂದು, ಅದರೊಡನೆ ಬಂದ ಪಿಡುಗುಗಳನ್ನೂ ಅನುಭವಿಸಿ, ತಾನು ಮಾಡಿದ ಚಿತ್ರಕ್ಕೆ ಹೆಸರು ಹಾಕಲೂ ಅಂಜುವ ಅವಸ್ಥೆ ಅವನಿಗೆ ಬೇಡ. ಆದರೂ ವಿಜ್ಞಾನದ ವಿದ್ಯಾರ್ಥಿಯ ಮಟ್ಟಿಗೆ ದೊಡ್ಡ ಲಾಭವೆಂದರೆ ಎರಡನೆಯ ಹಕ್ಕು, ಎಂದರೆ ಓದುವ ಹಕ್ಕು. ಪ್ರಯೋಗಶಾಲೆಯಲ್ಲಿ ನಾವು ಮುಚ್ಚಿದ ಪೆಟ್ಟಿಗೆಯನ್ನು ಒಪ್ಪುವುದಿಲ್ಲ. ಗ್ಯಾಲ್ವನಾಮೀಟರಿನ ಮುಚ್ಚಳವನ್ನು ತೆಗೆದು ಒಳಗಿನ ಸುರುಳಿಯನ್ನು ತೋರಿಸುತ್ತೇವೆ. ಚಿತ್ರ ಬರೆಯುವ ಯಂತ್ರಕ್ಕೂ ಅದೇ ನ್ಯಾಯ ಸಲ್ಲಬೇಕು.

ಮುಚ್ಚಳವನ್ನು ತೆಗೆದರೆ ಒಳಗೆ ಏನಿದೆ? ಕೆಲವು ನಿದರ್ಶನಗಳನ್ನು ನೋಡೋಣ.

ಬ್ಲೆಂಡರನ್ನು ತೆರೆದೊಡನೆ ತೆರೆಯ ನಡುವೆ ಒಂದು ಘನಾಕೃತಿ, ಅದರ ಸಮೀಪದಲ್ಲಿ ಒಂದು ದೀಪ, ಒಂದು ಕ್ಯಾಮರಾ ಕಾಣುತ್ತವೆ. ಘನಾಕೃತಿಗೆ 8 ಶೃಂಗಗಳು, 12 ಅಂಚುಗಳು, 6 ಮುಖಗಳು. ಎಂಟರಿಂದ ಹನ್ನೆರಡನ್ನು ಕಳೆದು ಆರನ್ನು ಕೂಡಿಸಿದರೆ ಎರಡು ಬರುತ್ತದೆ. ಒಂದೊಂದು ಮುಖವನ್ನೂ ನಾಲ್ಕಾಗಿ ಸೀಳಿ ಮತ್ತೆ ಎಣಿಸಿದರೆ 26 ಶೃಂಗಗಳು, 48 ಅಂಚುಗಳು, 24 ಮುಖಗಳು ದೊರೆಯುತ್ತವೆ. ಲೆಕ್ಕ ಮತ್ತೆ ಎರಡೇ. ಆಯ್ಲರನ ಸೂತ್ರವೆಂದು ಹೆಸರಾದ ಈ ಸಂಬಂಧವನ್ನು ಪುಸ್ತಕದಲ್ಲಿ ಓದಿ ಮರೆಯುವವರೇ ಹೆಚ್ಚು. ತೆರೆಯ ಮೇಲೆ ಆಕೃತಿಯನ್ನು ತಾವೇ ಸೀಳಿ ಎಣಿಸಿದವರು ಅದನ್ನು ಮರೆಯಲಾರರು. ಇನ್ನು ಚೊಂಬೊಂದನ್ನು ಮಾಡಬೇಕಾದರೆ ಅದರ ಅರ್ಧದ ಹೊರಗೆರೆಯನ್ನು ಬರೆದು ಒಂದು ಅಕ್ಷದ ಸುತ್ತ ತಿರುಗಿಸಿದರೆ ಸಾಕು. ನಮ್ಮ ಕುಂಬಾರನು ತಿಗರಿಯ ಮೇಲೆ ಮಾಡುವುದೂ ಇದನ್ನೇ. ಪರಿಭ್ರಮಣದಿಂದ ಹುಟ್ಟುವ ಘನವಸ್ತುಗಳೆಂದು ಕಲನಶಾಸ್ತ್ರದ ಅಧ್ಯಾಯದಲ್ಲಿ ನಾವು ಕಲಿಸುವುದೂ ಇದನ್ನೇ.

ಬೆಳಕಿನ ವಿಷಯಕ್ಕೆ ಬಂದರೆ ಭೌತವಿಜ್ಞಾನವು ಇನ್ನೂ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ. ಬ್ಲೆಂಡರಿನ ದೀಪದ ಸಾಮರ್ಥ್ಯವನ್ನು ವ್ಯಾಟುಗಳಲ್ಲಿ ಕೊಡಬೇಕು. ಬಿಂದುದೀಪವನ್ನು ವಸ್ತುವಿನಿಂದ ಎರಡರಷ್ಟು ದೂರಕ್ಕೆ ಸರಿಸಿದರೆ ವಸ್ತುವಿನ ಮೇಲೆ ಬೀಳುವ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ‘ಸೂರ್ಯ’ ಎಂಬ ಹೆಸರಿನ ದೀಪವನ್ನು ಎಲ್ಲಿಗೆ ಒಯ್ದಿಟ್ಟರೂ ಬೆಳಕು ಬದಲಾಗುವುದಿಲ್ಲ. ಅದರ ದಿಕ್ಕನ್ನು ತಿರುಗಿಸಿದರೆ ಮಾತ್ರ ಬದಲಾಗುತ್ತದೆ. ಏಕೆ? ನಿಜವಾದ ಸೂರ್ಯನು ಸುಮಾರು 15 ಕೋಟಿ ಕಿಲೋಮೀಟರುಗಳಾಚೆ ಇದ್ದಾನೆ. ಹತ್ತು ಮೀಟರು ಇತ್ತ ಬಂದರೂ ಅತ್ತ ಹೋದರೂ ಆ ದೂರದಲ್ಲಿ ಗಮನಾರ್ಹವಾದ ವ್ಯತ್ಯಾಸವಿಲ್ಲ. ಅವನ ಕಿರಣಗಳು ನಮಗೆ ಬಹುಮಟ್ಟಿಗೆ ಸಮಾಂತರವಾಗಿಯೇ ಬರುತ್ತವೆ. ಅದೇ ದೀಪಕ್ಕೆ ಕೋನವೆಂಬ ಮತ್ತೊಂದು ಗುಂಡಿಯಿದೆ. ಆಕಾಶದಲ್ಲಿ ಸೂರ್ಯಬಿಂಬದ ಕೋನವ್ಯಾಸ ಸುಮಾರು ಅರ್ಧ ಡಿಗ್ರಿ. ಹೀಗಿರುವುದರಿಂದಲೇ ಕಂಬದ ನೆರಳು ಬುಡದಲ್ಲಿ ಚೂಪಾಗಿಯೂ ತುದಿಯಲ್ಲಿ ಮಸುಕಾಗಿಯೂ ಇರುತ್ತದೆ. ನೆರಳು ಬೀಳಿಸುವ ಅಂಚು ನೆಲದಿಂದ ಒಂದು ಮೀಟರು ಮೇಲಿದ್ದು ಸೂರ್ಯನು ನೆತ್ತಿಯ ಮೇಲಿದ್ದಾಗ ಈ ಮಸುಕಿನ ಅಗಲ ಹೆಚ್ಚುಕಡಿಮೆ 9 ಮಿಲಿಮೀಟರು ಆಗುತ್ತದೆ. ವಾಚಕರು ಅಳತೆಪಟ್ಟಿಯನ್ನು ಹಿಡಿದು ಅಂಗಳಕ್ಕಿಳಿದು ಇದನ್ನು ಪರೀಕ್ಷಿಸಬಹುದು. ಆ ಬಳಿಕ ಕೋನದ ಗುಂಡಿಯನ್ನು ಸೊನ್ನೆಗಿಳಿಸಿ ನೋಡಿದರೆ, ಚಿತ್ರದ ನೆರಳು ಏಕೆ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆಂಬುದು ತಾನಾಗಿಯೇ ತಿಳಿಯುತ್ತದೆ.

ಚೆಂಡೊಂದರ ಮೇಲೆ ಬೆಳಕು ಬಿದ್ದಾಗ ಅದರ ಒಂದು ಭಾಗ ಹೊಳೆದು, ಮಗ್ಗುಲು ಕ್ರಮೇಣ ಮಬ್ಬಾಗಿ, ಹಿಂಬದಿ ಕತ್ತಲಾಗುವುದನ್ನು ಚಿತ್ರಕಾರರು ಶತಮಾನಗಳಿಂದ ಕಣ್ಣಳತೆಯಿಂದಲೇ ಬರೆದಿದ್ದಾರೆ. ಇದರ ಲೆಕ್ಕವನ್ನು ಲ್ಯಾಂಬರ್ಟನು 1760ರಲ್ಲಿ ಕೊಟ್ಟನು. ಮೇಲ್ಮೈಗೆ ಎಳೆದ ಲಂಬರೇಖೆಗೂ ಬೆಳಕಿನ ದಿಕ್ಕಿಗೂ ನಡುವಣ ಕೋನದ ಕೊಸೈನಿಗೆ ಅನುಗುಣವಾಗಿ ಮೇಲ್ಮೈಯ ಬೆಳಕು ಇರುತ್ತದೆ. ಕೋನ 60 ಡಿಗ್ರಿ ಆದಾಗ ಬೆಳಕು ಅರ್ಧಕ್ಕಿಳಿಯುತ್ತದೆ. ಹೊಳಪಿಲ್ಲದ ಮೇಲ್ಮೈಗಳಿಗೆ ಛಾಯೆ ಕೊಡುವಾಗ ಗಣಕಯಂತ್ರವು ಇಂದಿಗೂ ಇದೇ ಕೊಸೈನನ್ನು ಕ್ಷಣಕ್ಕೆ ಲಕ್ಷಾಂತರ ಬಾರಿ ಗುಣಿಸುತ್ತಿರುತ್ತದೆ.

ಕಿರಣಗಳನ್ನು ಬೆನ್ನಟ್ಟಿ ಚಿತ್ರ ಬರೆಯುವ ಉಪಾಯವೂ ಹಳೆಯದೇ. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರನು 1525ರ ತನ್ನ ಗ್ರಂಥದಲ್ಲಿ ಒಂದು ಸಾಧನವನ್ನು ಚಿತ್ರಿಸಿದ್ದಾನೆ. ಗೋಡೆಗೆ ಒಂದು ಕೊಕ್ಕೆ; ಅದೇ ನೋಡುವವನ ಕಣ್ಣು. ಅಲ್ಲಿಂದ ಹೊರಟ ದಾರವು ಒಂದು ಚೌಕಟ್ಟಿನ ಮೂಲಕ ಹಾದು ಮೇಜಿನ ಮೇಲಿರುವ ತಂತಿವಾದ್ಯವನ್ನು ಮುಟ್ಟುತ್ತದೆ. ಚೌಕಟ್ಟನ್ನು ದಾರ ಹಾಯ್ದ ಸ್ಥಾನವನ್ನು ಗುರುತಿಸುತ್ತ ಹೋದರೆ ವಾದ್ಯದ ಚಿತ್ರ ಬಿಂದು ಬಿಂದುವಾಗಿ ಮೂಡುತ್ತದೆ. ಟರ್ನರ್ ವ್ಹಿಟೆಡ್ 1980ರಲ್ಲಿ ಪ್ರಕಟಿಸಿದ ವಿಧಾನವು ದಾರದ ಬದಲು ಗಣಿತದ ರೇಖೆಯನ್ನು ಕ್ಯಾಮರಾದಿಂದ ಹೊರಡಿಸಿ, ಅದು ಕನ್ನಡಿಯನ್ನು ಮುಟ್ಟಿದರೆ ಪ್ರತಿಫಲಿಸಿ, ಗಾಜನ್ನು ಮುಟ್ಟಿದರೆ ವಕ್ರೀಭವಿಸಿ ಮುಂದೆ ಸಾಗಿಸುತ್ತದೆ. ಗಾಜಿಗೆ ಸುಮಾರು 1.5, ನೀರಿಗೆ 1.33, ವಜ್ರಕ್ಕೆ 2.42 ಎಂದು ನಾವು ಕೋಷ್ಟಕದಲ್ಲಿ ಓದುವ ವಕ್ರೀಭವನಾಂಕಗಳನ್ನೇ ಬ್ಲೆಂಡರಿಗೂ ಕೊಡಬೇಕು. 1.5 ಕೊಟ್ಟ ಹರಳನ್ನೂ 2.42 ಕೊಟ್ಟ ಹರಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವನಿಗೆ ಆ ಅಂಕಿಗಳು ಕೇವಲ ಪರೀಕ್ಷೆಯ ಅಂಕಿಗಳಾಗಿ ಉಳಿಯುವುದಿಲ್ಲ.

ಗೋಡೆಯಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ ಬೆಳಕು ಚೆದರುತ್ತ ಹೋಗುವುದನ್ನೆಲ್ಲ ಒಂದೇ ಸಮೀಕರಣದಲ್ಲಿ ಅಡಕಗೊಳಿಸಿದವರು ಜೇಮ್ಸ್ ಕಾಜಿಯ, ಅದು 1986ರಲ್ಲಿ. ಆ ಸಮೀಕರಣವನ್ನು ನೇರವಾಗಿ ಬಿಡಿಸುವುದು ಬಹುತೇಕ ಅಸಾಧ್ಯ. ಆದಕಾರಣ ಬ್ಲೆಂಡರಿನ ‘ಸೈಕಲ್ಸ್’ ಎಂಬ ವಿಭಾಗವು ದಾಳ ಹಾಕಿದಂತೆ ಯಾದೃಚ್ಛಿಕವಾದ ದಿಕ್ಕುಗಳಲ್ಲಿ ಕಿರಣಗಳನ್ನು ಕಳಿಸಿ ಸರಾಸರಿ ತೆಗೆಯುತ್ತದೆ. ಕಿರಣಗಳು ಕಡಿಮೆಯಾದರೆ ಚಿತ್ರದ ತುಂಬ ಮರಳು ಎರಚಿದಂತೆ ಚುಕ್ಕೆಗಳು ಕಾಣುತ್ತವೆ. ಚುಕ್ಕೆಗಳ ಈ ಗದ್ದಲವನ್ನು ಅರ್ಧಕ್ಕಿಳಿಸಲು ಕಿರಣಗಳನ್ನು ನಾಲ್ಕು ಪಟ್ಟು, ಹತ್ತನೆಯ ಒಂದಕ್ಕಿಳಿಸಲು ನೂರು ಪಟ್ಟು ಹೆಚ್ಚಿಸಬೇಕು. ಒಂದು ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ ಸರಾಸರಿ ತೆಗೆದಾಗ ದೋಷವು ಪ್ರಯೋಗಗಳ ಸಂಖ್ಯೆಯ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆಂದು ನಾವು ಪ್ರಯೋಗಶಾಲೆಯಲ್ಲಿ ಹೇಳಿಕೊಡುವ ನಿಯಮವೇ ಇದು. ಅಲ್ಲಿ ಅದು ಒಣ ವಾಕ್ಯ; ಇಲ್ಲಿ ಕಣ್ಣೆದುರಿನ ದೃಶ್ಯ.

ಇನ್ನು ಬಣ್ಣದ ಮಾತು. ಹಳದಿಗೆ ನೀಲಿಯನ್ನು ಬೆರೆಸಿದರೆ ಹಸಿರಾಗುತ್ತದೆಂದು ಬಣ್ಣದ ಪೆಟ್ಟಿಗೆಯಿಂದ ಕಲಿತ ಹುಡುಗನಿಗೆ, ತೆರೆಯ ಮೇಲೆ ಕೆಂಪಿಗೆ ಹಸಿರನ್ನು ಸೇರಿಸಿದಾಗ ಹಳದಿ ಹುಟ್ಟಿದ್ದನ್ನು ಕಂಡು ದಿಗ್ಭ್ರಮೆಯಾಗುತ್ತದೆ. ಬಣ್ಣದ ಪುಡಿಯು ಬೆಳಕಿನ ಕೆಲವಂಶವನ್ನು ಹೀರಿ ಕಳೆಯುತ್ತದೆ; ತೆರೆಯು ಬೆಳಕಿಗೆ ಬೆಳಕನ್ನು ಕೂಡಿಸುತ್ತದೆ. ಮೂರು ಮೂಲವರ್ಣಗಳಿಂದ ಉಳಿದ ಬಣ್ಣಗಳನ್ನು ಪಡೆಯಬಹುದೆಂಬುದನ್ನು ಥಾಮಸ್ ಯಂಗ್ 1802ರಲ್ಲಿ ಸೂಚಿಸಿದ್ದನು. ಮ್ಯಾಕ್ಸ್‌ವೆಲ್ಲನು 1861ರಲ್ಲಿ ಒಂದು ಬಣ್ಣದ ಪಟ್ಟಿಯನ್ನು ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಬೇರೆ ಬೇರೆಯಾಗಿ ಛಾಯಾಚಿತ್ರ ತೆಗೆಸಿ, ಮೂರನ್ನೂ ಒಂದರ ಮೇಲೊಂದು ಬೀಳುವಂತೆ ಪ್ರದರ್ಶಿಸಿ ಅದನ್ನು ತೋರಿಸಿಕೊಟ್ಟನು. ಸಾಮಾನ್ಯವಾದ ತೆರೆಯಲ್ಲಿ ಈ ಮೂರು ಬಣ್ಣಗಳಿಗೂ ತಲಾ 256 ಮಟ್ಟಗಳಿರುವುದರಿಂದ ಒಟ್ಟು 1,67,77,216 ಸಂಯೋಗಗಳಾಗುತ್ತವೆ. ಇಲ್ಲಿ ಒಂದು ಸೂಕ್ಷ್ಮವಿದೆ. ನಡುಮಟ್ಟವಾದ 128 ಎಂಬ ಬೂದು ಬಣ್ಣವು ಪೂರ್ಣ ಬಿಳುಪಿನ ಅರ್ಧದಷ್ಟು ಬೆಳಕನ್ನು ಕೊಡುವುದೆಂದು ಯಾರಾದರೂ ಊಹಿಸಬಹುದು. ಅದು ಕೊಡುವುದು ಸುಮಾರು ಐದನೆಯ ಒಂದು ಭಾಗ ಮಾತ್ರ. ಕತ್ತಲೆಯಲ್ಲಿನ ಅಲ್ಪ ವ್ಯತ್ಯಾಸಗಳನ್ನು ನಮ್ಮ ಕಣ್ಣು ಚೆನ್ನಾಗಿ ಗುರುತಿಸುತ್ತದೆಯಾದ್ದರಿಂದ ಮಟ್ಟಗಳನ್ನು ಕತ್ತಲೆಯ ಕಡೆಗೆ ಒತ್ತಾಗಿ ಹಂಚಲಾಗಿದೆ. ಇದನ್ನರಿಯದೆ ಎರಡು ಬಣ್ಣಗಳನ್ನು ಬೆರೆಸಿದವನು, ನಡುವೆ ಕೊಳೆಯಾದ ಗೆರೆ ಏಕೆ ಬಂದಿತೆಂದು ತಿಳಿಯದೆ ತನ್ನ ಕೈಯನ್ನೇ ಹಳಿದುಕೊಳ್ಳುತ್ತಾನೆ.

ರೇಖೆಯ ಕಥೆ ಬೇರೆ. ಕಾರಿನ ಮೈಯ ಬಾಗನ್ನು ಗಣಿತದಲ್ಲಿ ಹೇಳುವುದು ಹೇಗೆಂಬ ಪ್ರಶ್ನೆಯು ಫ್ರಾನ್ಸಿನ ಎರಡು ಕಾರ್ಖಾನೆಗಳನ್ನು ಕಾಡಿತು. ಸಿಟ್ರೊಯೆನ್ನಿನ ಪಾಲ್ ದ ಕಾಸ್ಟಲ್ಜೊ 1959ರಲ್ಲಿಯೂ, ಅನಂತರ ರೆನೋ ಕಾರ್ಖಾನೆಯ ಪಿಯರ್ ಬೆಜಿಯೆ ತಮ್ಮ ಪಾಡಿಗೆ ತಾವೂ ಅದಕ್ಕೆ ಉತ್ತರ ಕಂಡರು. ಎರಡು ತುದಿಗಳು, ರೇಖೆಯನ್ನು ತಮ್ಮತ್ತ ಸೆಳೆಯುವ ಎರಡು ಹಿಡಿಕೆಗಳು, ಒಂದು ಘನಸಮೀಕರಣ - ಇಷ್ಟರಿಂದ ಒಂದು ಬಾಗು ಸಿದ್ಧವಾಗುತ್ತದೆ. ಇಂಕ್‌ಸ್ಕೇಪಿನಲ್ಲಿ ನಾವು ಎಳೆಯುವ ಬಾಗುಗಳು ಬೆಜಿಯೆ ರೇಖೆಗಳೇ. ಮುದ್ರಣಕ್ಕೆ ಬಳಸುವ ಅಕ್ಷರಗಳೂ ಇಂಥ ರೇಖೆಗಳಿಂದಲೇ ಆದವು. ದುಂಡಾದ ನಮ್ಮ ಕನ್ನಡ ಲಿಪಿಗಿಂತ ಉತ್ತಮವಾದ ಅಭ್ಯಾಸ ಇದಕ್ಕೆ ಮತ್ತಾವುದಿದ್ದೀತು? ‘ಅ’ ಎಂಬ ಒಂದೇ ಅಕ್ಷರವನ್ನು ಆದಷ್ಟು ಕಡಿಮೆ ಬಿಂದುಗಳಿಂದ, ಎಲ್ಲಿಯೂ ಮುರುಕು ಕಾಣದಂತೆ ಬರೆಯಲು ಯತ್ನಿಸಿರಿ. ಎರಡು ತುಂಡುಗಳು ಕೂಡುವಲ್ಲಿ ಇಳಿಜಾರುಗಳು ಸಮನಾಗಿರಬೇಕೆಂಬ ತತ್ತ್ವ, ಎಂದರೆ ಅವಕಲಾಂಕದ ಅವಿಚ್ಛಿನ್ನತೆ, ಅರ್ಧ ಗಂಟೆಯಲ್ಲಿ ಬೆರಳಿಗೆ ಬರುತ್ತದೆ.

ಕೊನೆಯದಾಗಿ ಚಲನೆ. ಚೆಂಡನ್ನು ಮೇಲೆ ಒಂದು ಗುರುತಿನಲ್ಲಿಯೂ ಕೆಳಗೆ ಒಂದು ಗುರುತಿನಲ್ಲಿಯೂ ಇಟ್ಟು ನಡುವಣ ಚಲನೆಯನ್ನು ಬ್ಲೆಂಡರಿಗೇ ಬಿಟ್ಟುಬಿಟ್ಟರೆ, ಅದು ಮೆಲ್ಲಗೆ ಹೊರಟು ಮೆಲ್ಲಗೆ ನಿಲ್ಲುವಂತೆ ಮಾಡುತ್ತದೆ. ನೆಲವನ್ನು ಮುಟ್ಟುವ ಮುನ್ನ ಚೆಂಡು ಎಣ್ಣೆಯಲ್ಲಿ ಇಳಿದಂತೆ ನಿಧಾನಿಸುತ್ತದೆ. ನೋಡಿದವರಿಗೆ ಏನೋ ಸರಿಯಿಲ್ಲವೆನಿಸುತ್ತದೆ, ಏನೆಂದು ಹೇಳಲಾಗದು. ಗೆಲಿಲಿಯೊವನ್ನು ಓದಿದವನು ಹೇಳಬಲ್ಲನು. ಸೆಕೆಂಡಿಗೆ 24 ಚಿತ್ರಗಳಂತೆ ಎಣಿಸಿದಾಗ, ಕೈಬಿಟ್ಟ ಚೆಂಡು 6ನೆಯ ಚಿತ್ರಕ್ಕೆ 0.31 ಮೀಟರು, 12ನೆಯದಕ್ಕೆ 1.23, 18ನೆಯದಕ್ಕೆ 2.76, 24ನೆಯದಕ್ಕೆ 4.9 ಮೀಟರು ಇಳಿದಿರಬೇಕು. ಎಂದರೆ 1, 4, 9, 16ರ ಪ್ರಮಾಣದಲ್ಲಿ. ಚಲನೆಯ ರೇಖೆಯನ್ನು ಹೀಗೆ ತಿದ್ದಿದೊಡನೆ ಚೆಂಡಿಗೆ ಭಾರ ಬರುತ್ತದೆ.

ನಿದರ್ಶನಗಳು ಇಷ್ಟು ಸಾಕು. ಈಗ ನಮ್ಮ ಅಭಿಪ್ರಾಯಕ್ಕೆ ಬರಬಹುದಾದ ಆಕ್ಷೇಪಗಳನ್ನು ವಿಚಾರಿಸೋಣ.

ಬೆಲೆಯಿಲ್ಲದ ಉಪಕರಣವು ಹುಡುಗಾಟಿಕೆಗೆ ಸರಿ, ವೃತ್ತಿಗೆ ಸಲ್ಲದು ಎಂಬುದು ಮೊದಲನೆಯ ಆಕ್ಷೇಪ. ಲಾಟ್ವಿಯ ಎಂಬ ಸಣ್ಣ ದೇಶದ ಗಿಂಟ್ಸ್ ಜಿಲ್ಬಾಲೋಡಿಸ್ ಎಂಬ ತರುಣ ನಿರ್ದೇಶಕರು ಬ್ಲೆಂಡರಿನಲ್ಲಿ ನಿರ್ಮಿಸಿದ, ಒಂದೂ ಮಾತಿಲ್ಲದ ‘ಫ್ಲೋ’ ಎಂಬ ಚಿತ್ರವು 2025ರ ಮಾರ್ಚಿಯಲ್ಲಿ ಅತ್ಯುತ್ತಮ ಸಚಲಚಿತ್ರಕ್ಕೆ ಸಲ್ಲುವ ಆಸ್ಕರ್ ಪ್ರಶಸ್ತಿಯನ್ನು ಪಡೆಯಿತು. ಪ್ರವಾಹದ ನೀರಿನಲ್ಲಿ ಸಿಕ್ಕಿದ ಒಂದು ಬೆಕ್ಕಿನ ಕಥೆಯದು. ಈ ಆಕ್ಷೇಪಕ್ಕೆ ಇದಕ್ಕಿಂತ ದೀರ್ಘವಾದ ಉತ್ತರ ಬೇಕಿಲ್ಲ. ಕೆಲವು ಉದ್ಯಮಗಳಲ್ಲಿ ಬೆಲೆಯುಳ್ಳ ತಂತ್ರಾಂಶಗಳೇ ಬಳಕೆಯಲ್ಲಿವೆ ಎಂಬುದು ನಿಜ. ಆದರೆ ಕಾರಣವನ್ನು ಕಲಿತವನಿಗೆ ಉಪಕರಣವನ್ನು ಬದಲಾಯಿಸುವುದು ಕೆಲವು ವಾರಗಳ ಕೆಲಸ. ಗುಂಡಿಗಳನ್ನು ಮಾತ್ರ ಕಲಿತವನು ಮತ್ತೆ ಅಕ್ಷರಾಭ್ಯಾಸದಿಂದ ತೊಡಗಬೇಕು.

ಎರಡನೆಯದು ಯಂತ್ರದ ಬೆಲೆಯನ್ನು ಕುರಿತದ್ದು. ಇದರಲ್ಲಿ ಹುರುಳುಂಟು. ತಂತ್ರಾಂಶಕ್ಕೆ ಹಣ ಬೇಡವಾದರೂ ಗಣಕಯಂತ್ರಕ್ಕೆ ಬೇಕು. ಬ್ಲೆಂಡರಿನ ಕಿರಣಗಣನೆ ಹಳೆಯ ಯಂತ್ರದ ಉಸಿರು ಕಟ್ಟಿಸುತ್ತದೆ. ಆದರೂ ಇಂಕ್‌ಸ್ಕೇಪಿಗೂ ಜಿಂಪಿಗೂ ಸಾಧಾರಣ ಯಂತ್ರ ಸಾಕು. ನಮ್ಮ ಕಾಲೇಜುಗಳ ಗಣಕಯಂತ್ರದ ಕೊಠಡಿಗಳಾದರೋ ಸಂಜೆಯಾಗುತ್ತಲೆ ಬೀಗ ಹಾಕಿಸಿಕೊಂಡು ಸುಮ್ಮನಿರುತ್ತವೆ. ವಾರಕ್ಕೆ ಒಂದು ಸಂಜೆ ಆ ಬೀಗವನ್ನು ತೆಗೆದು, ಭೌತವಿಜ್ಞಾನ ವಿಭಾಗದ ಒಬ್ಬ ಅಧ್ಯಾಪಕರೂ ಚಿತ್ರ ಬಲ್ಲ ಒಬ್ಬರೂ ಜೊತೆಗೂಡಿ ಕುಳಿತರೆ ಕಾಲೇಜಿಗೆ ತಗಲುವ ವೆಚ್ಚ ವಿದ್ಯುತ್ತಿನದಷ್ಟೆ. ತಂತ್ರಾಂಶಕ್ಕಾಗಿ ಅನುದಾನವನ್ನು ಬೇಡಿ ಕಾಯಬೇಕಾದ ಪ್ರಮೇಯವೇ ಇಲ್ಲ. ಆಡಳಿತ ನಡೆಸುವವರು ಇದನ್ನು ಗಮನಕ್ಕೆ ತಂದುಕೊಳ್ಳಬೇಕೆಂದು ನಮ್ಮ ವಿನಂತಿ.

ಮೂರನೆಯ ಆಕ್ಷೇಪವು ಇತ್ತೀಚಿನದು. ತರುಣರ ಬಾಯಲ್ಲಿ ನಾವು ಮೇಲಿಂದ ಮೇಲೆ ಕೇಳುವಂಥದು. ‘ಬೇಕಾದ ಚಿತ್ರವನ್ನು ಒಂದು ವಾಕ್ಯದಲ್ಲಿ ವರ್ಣಿಸಿದರೆ ಕೃತಕ ಬುದ್ಧಿಮತ್ತೆಯು ಅರೆಗಳಿಗೆಯಲ್ಲಿ ಬರೆದುಕೊಡುತ್ತದೆ, ಇಷ್ಟೆಲ್ಲ ಕಷ್ಟ ಏತಕ್ಕೆ?’ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅಂಥ ಯಂತ್ರವು ಚಿತ್ರವನ್ನು ಕೊಡುತ್ತದೆ, ನಿಜ. ಅದರಲ್ಲಿ ಕಿಟಕಿ ಎಡಕ್ಕಿದ್ದು ನೆರಳೂ ಎಡಕ್ಕೇ ಬಿದ್ದಿದ್ದರೆ, ಲೋಟದ ನೀರಿನಲ್ಲಿ ನಿಂತ ಚಮಚವು ಮುರಿದಂತೆ ಕಾಣದೆ ನೆಟ್ಟಗಿದ್ದರೆ, ಅದನ್ನು ಕಂಡುಹಿಡಿಯುವವರು ಯಾರು? ಬೆಳಕು ಹೇಗೆ ನಡೆಯುತ್ತದೆಂಬುದನ್ನು ಒಮ್ಮೆ ತನ್ನ ಕೈಯಿಂದ ನಡೆಸಿ ನೋಡಿದವನು ಮಾತ್ರ. ಗುಣಿಸುವ ಯಂತ್ರ ಬಂದ ಮೇಲೆಯೂ ನಾವು ಮಕ್ಕಳಿಗೆ ಮಗ್ಗಿ ಕಲಿಸುತ್ತಿದ್ದೇವೆ. ಉತ್ತರವು ಹತ್ತು ಪಟ್ಟು ಹೆಚ್ಚಾಗಿ ಬಂದಾಗ ಗುರುತಿಸುವ ಶಕ್ತಿ ಅವರಲ್ಲಿ ಇರಲೆಂದು. ನಿಜವಾದ ಛಾಯಾಚಿತ್ರವನ್ನೂ ಕೃತಕವಾದ ಚಿತ್ರವನ್ನೂ ಬೇರ್ಪಡಿಸುವುದು ದಿನೇ ದಿನೇ ಕಠಿಣವಾಗುತ್ತಿರುವ ಈ ಕಾಲದಲ್ಲಿ ಚಿತ್ರವನ್ನು ಪ್ರಶ್ನಿಸುವ ಕಣ್ಣು ಚಿತ್ರಕಾರರಿಗೆ ಮಾತ್ರವಲ್ಲ, ಪ್ರತಿಯೊಬ್ಬ ಪ್ರಜೆಗೂ ಬೇಕು. ಅಂಥ ಕಣ್ಣು ಚಿತ್ರಗಳನ್ನು ನೋಡುವುದರಿಂದಲೇ ಬರುವುದಾಗಿದ್ದರೆ ಈಗಾಗಲೆ ನಮಗೆಲ್ಲರಿಗೂ ಬಂದಿರಬೇಕಾಗಿತ್ತು. ದಿನವಿಡೀ ನಾವು ನೋಡುತ್ತಲೇ ಇದ್ದೇವಲ್ಲ!

ಇನ್ನು ಕಲಿಯುವ ಕ್ರಮವನ್ನು ಕುರಿತು ಒಂದೆರಡು ಮಾತು. ಪಾಠದ ದೃಶ್ಯಗಳು ಇಂದು ಹೇರಳವಾಗಿ ದೊರೆಯುತ್ತವೆ. ಮುಂಬಯಿಯ ಐಐಟಿಯು ನಡೆಸುವ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಮುಕ್ತ ತಂತ್ರಾಂಶಗಳ ಪಾಠಗಳಿವೆ. ಅವುಗಳಲ್ಲಿ ಹಲವು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಲಭ್ಯವಾಗಿವೆ. ಇವು ಉಪಕಾರಿಗಳೇ ಸರಿ. ಆದರೆ ಪಾಠದವರು ಒತ್ತಿದ ಗುಂಡಿಯನ್ನು ಒತ್ತಿ, ಅವರು ಮಾಡಿದ ತಿಂಡಿಯ ತಟ್ಟೆಯನ್ನೇ ಮಾಡಿ ಮುಗಿಸಿ ತೃಪ್ತಿಪಡುವ ಚಾಳಿ ವಿದ್ಯಾರ್ಥಿಗಳಲ್ಲಿ ಕಾಣುತ್ತದೆ. ಇದು ಬೇರೆಯವರ ಪ್ರಯೋಗದ ಪುಸ್ತಕವನ್ನು ನಕಲು ಮಾಡಿದಂತೆ. ಅಂಕಿಗಳೆಲ್ಲ ಸರಿಯಾಗಿರುತ್ತವೆ, ವಿದ್ಯೆ ಮಾತ್ರ ಇರುವುದಿಲ್ಲ.

ನಾವು ಸೂಚಿಸುವ ಕ್ರಮ ಬೇರೆ. ಮನೆಯಲ್ಲಿರುವ ಒಂದು ಹಿತ್ತಾಳೆಯ ಚೊಂಬನ್ನೂ ಒಂದು ಕೆಂಪು ಪ್ಲಾಸ್ಟಿಕ್ ಲೋಟವನ್ನೂ ಕಿಟಕಿಯ ಬಳಿ ಇರಿಸಿರಿ. ಎರಡರ ಮೇಲೂ ಬೀಳುವುದು ಒಂದೇ ಬಿಳಿಯ ಬೆಳಕು. ಪ್ಲಾಸ್ಟಿಕ್ಕಿನ ಮೇಲಿನ ಹೊಳಪು ಬಿಳಿಯಾಗಿಯೇ ಇದೆ. ಹಿತ್ತಾಳೆಯ ಮೇಲಿನ ಹೊಳಪು ಹಳದಿಯಾಗಿದೆ. ಲೋಹದ ಪ್ರತಿಫಲನಕ್ಕೆ ಲೋಹದ ಬಣ್ಣವಿರುತ್ತದೆ; ಪ್ಲಾಸ್ಟಿಕ್ಕಿನ ಮೇಲ್ಮೈ ಬೆಳಕನ್ನು ಬಣ್ಣ ಕೊಡದೆ ಪ್ರತಿಫಲಿಸುತ್ತದೆ, ಕೆಂಪು ಬರುವುದು ಒಳಗೆ ಹೊಕ್ಕು ಚೆದರಿ ಮರಳಿದ ಬೆಳಕಿನಿಂದ. ಇದನ್ನು ಕಂಡುಕೊಂಡ ಮೇಲೆ ಎರಡನ್ನೂ ಪೆನ್ಸಿಲಿನಿಂದ ಕಾಗದದ ಮೇಲೆ ಬರೆಯಿರಿ. ಅನಂತರ ಬ್ಲೆಂಡರಿನಲ್ಲಿ ನಿರ್ಮಿಸಿರಿ. ಲೋಹತನವನ್ನು ಸೊನ್ನೆಯಿಂದ ಒಂದಕ್ಕೆ ಏರಿಸುವ ಗುಂಡಿಯೊಂದು ಅಲ್ಲಿದೆ. ಅದು ಏಕಿದೆಯೆಂದು ನಿಮಗೆ ಈಗ ಯಾರೂ ಹೇಳಬೇಕಾಗಿಲ್ಲ. ಒಂದು ಸಲಕ್ಕೆ ಒಂದೇ ಗುಂಡಿಯನ್ನು ತಿರುಗಿಸಿ ಆದ ಬದಲಾವಣೆಯನ್ನು ಪುಸ್ತಕದಲ್ಲಿ ಬರೆದಿಡಿರಿ. ಉಳಿದುವೆಲ್ಲವನ್ನೂ ಸ್ಥಿರವಾಗಿಟ್ಟು ಒಂದನ್ನು ಮಾತ್ರ ಬದಲಿಸುವುದು ಪ್ರಯೋಗವಿಜ್ಞಾನದ ಮೊದಲ ಪಾಠವಲ್ಲವೇ?

ಸರ್ ಸಿ. ವಿ. ರಾಮನ್ನರು ತಮ್ಮ ಜೀವನದ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಬಣ್ಣ ಮತ್ತು ದೃಷ್ಟಿಗಳ ಅಧ್ಯಯನಕ್ಕೆ ಮೀಸಲಿಟ್ಟು, ತಮ್ಮ 80ನೆಯ ವಯಸ್ಸಿನಲ್ಲಿ, 1968ರಲ್ಲಿ, ಅದನ್ನು ಕುರಿತ ಗ್ರಂಥವನ್ನು ಹೊರತಂದರು. ಹೂವಿನ ಬಣ್ಣವನ್ನು ನೋಡುವುದು ಅವರಿಗೆ ಭೌತವಿಜ್ಞಾನದಿಂದ ಬಿಡುವು ಪಡೆದು ಮಾಡುವ ಕೆಲಸವಾಗಿರಲಿಲ್ಲ, ಅದೇ ಭೌತವಿಜ್ಞಾನವಾಗಿತ್ತು. ನಮ್ಮ ವಿದ್ಯಾರ್ಥಿಗಳ ಪಾಲಿಗೆ ನೋಡುವ ವಿದ್ಯೆ ಮತ್ತು ಲೆಕ್ಕದ ವಿದ್ಯೆ ಹೀಗೆ ಮತ್ತೆ ಒಂದಾಗುವುದಕ್ಕೆ ಒಳ್ಳೆಯ ಸಾಧನವೊಂದು ಇಂದು ಬೇಡಿದವರಿಗೆಲ್ಲ ಸಿಗುವಂತಿದೆ. ಅನೇಕ ದೇಶಗಳ ಅನೇಕರು ಬರೆದು, ತಿದ್ದಿ, ಬೆಳೆಸಿ ಅದನ್ನು ಬಾಗಿಲ ಬಳಿ ತಂದಿರಿಸಿದ್ದಾರೆ. ಪಡೆದವರು ಕಲಿತು, ತಾವು ಕಲಿತುದನ್ನು ಕನ್ನಡದಲ್ಲಿ ಮತ್ತೊಬ್ಬರಿಗೆ ಹೇಳಿಕೊಟ್ಟರೆ ಆ ಋಣದ ಒಂದಂಶವಾದರೂ ತೀರುತ್ತದೆ. ಬರುವ ರಜೆಯಲ್ಲಿ ಒಂದು ಚೊಂಬು, ಒಂದು ಲೋಟ, ಒಂದು ಕಿಟಕಿ - ಇಷ್ಟರಿಂದ ಆರಂಭಿಸಿರೆಂದು ತರುಣ ಮಿತ್ರರಲ್ಲಿ ನಮ್ಮ ಬಿನ್ನಹ.